ಬಂಗು ಕಾಣುವ ಕ್ಯಾಮೆರಾ

ನನ್ನ ಹೆಂಡತಿಯ ಎರಡೂ ಕೆನ್ನೆಗಳ ಮೇಲೆ ಬಂಗು ಇತ್ತು. ಮಗಳು ಹುಟ್ಟಿದ ಮೇಲೆ ಬಂದದ್ದು, ಮತ್ತೆ ಹೋಗಲೇ ಇಲ್ಲ. ಅರಿಶಿನ ಹಚ್ಚಿದಳು, ಹಾಸನದ ಚರ್ಮದ ಡಾಕ್ಟರು ಬರೆದುಕೊಟ್ಟ ಮುಲಾಮು ಹಚ್ಚಿದಳು, ಕೊನೆಗೆ ಫೋನು ಬದಲಾಯಿಸಿದಳು. ಹೊಸ ಫೋನಿನ ಕ್ಯಾಮೆರಾದಲ್ಲಿ ಮುಖವನ್ನು ನುಣುಪು ಮಾಡುವ ಬ್ಯೂಟಿ ಮೋಡ್ ಇತ್ತು. ಅದನ್ನು ಆನ್ ಮಾಡಿದವಳು ಸಾಯುವವರೆಗೂ ಆಫ್ ಮಾಡಲಿಲ್ಲ. ತನ್ನ ಮುಖ ನೋಡಿಕೊಂಡು ಅವಳು ಖುಷಿಪಟ್ಟರೆ ನನ್ನ ಗಂಟೇನು ಹೋಗುತ್ತೆ ಎಂದು ನಾನೂ ಸುಮ್ಮನಿದ್ದೆ.

ಮೆದುಳಿನಲ್ಲಿ ರಕ್ತಸ್ರಾವವಾಗಿ ಅವಳು ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡಾಗ, ಹೊಳೆನರಸೀಪುರಕ್ಕೆ ಹೆಣ ಬರುವ ಮೊದಲೇ ಫ್ಲೆಕ್ಸು ಬಂದಿತ್ತು. ಈಗ ನಮ್ಮ ಕಡೆ ಹಾಗೇ. ಸರ್ಕಲ್ಲಿನಲ್ಲಿ ಫ್ಲೆಕ್ಸು ಎದ್ದು ನಿಲ್ಲದಿದ್ದರೆ ಸತ್ತವರು ಸತ್ತರೆಂದು ಯಾರಿಗೂ ಖಾತ್ರಿಯಾಗುವುದಿಲ್ಲ. ಅರಕಲಗೂಡಿನ ನನ್ನಕ್ಕ ಮುಂದೆ ನಿಂತು ಅದನ್ನೆಲ್ಲ ಮಾಡಿಸಿದ್ದಳು. ಹೆಂಡತಿಯ ಫೋನಿನಲ್ಲಿದ್ದ ಒಂದು ಸೆಲ್ಫಿಯನ್ನು ಅವಳೇ ಆರಿಸಿ ಸ್ಟುಡಿಯೋಗೆ ಕಳಿಸಿದ್ದಳು. ಮೊದಲೇ ನುಣುಪಾಗಿದ್ದ ಮುಖವನ್ನು ಸ್ಟುಡಿಯೋದವನು ಇನ್ನಷ್ಟು ನುಣುಪು ಮಾಡಿ, ಬೆಳ್ಳಗೆ ಮಾಡಿ, ಕತ್ತಿನ ಕೆಳಗೆ ಯಾರದೋ ರೇಷ್ಮೆ ಸೀರೆಯ ಮೈ ಜೋಡಿಸಿದ್ದ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಲಿಂಗೈಕ್ಯರಾದರು' ಎಂದಿತ್ತು. ಇತ್ತ ಜಗುಲಿಯ ಮೇಲೆ ಕೂರಿಸಿದ್ದ ಹೆಣಕ್ಕೂ ಹಣೆ ಕೆನ್ನೆ ಎನ್ನದೆ ವಿಭೂತಿ ಬಳಿದಿದ್ದರು. ಕೊನೆಯ ಸಲ ನೋಡಿದಾಗಲೂ ಮಗಳಿಗೆ ತಾಯಿಯ ಕೆನ್ನೆ ಕಾಣಲಿಲ್ಲ.

ಉತ್ತರಕ್ರಿಯೆಗೆಂದು ಮಾಡಿದ ಶಿವಗಣಾರಾಧನೆಯ ದಿನ ಅದೇ ಫೋಟೋ ಫ್ರೇಮಿನಲ್ಲಿ ಕೂತು ಮನೆಗೆ ಬಂತು. ಮಗಳು ಅದರ ಮುಂದೆ ನಿಂತು, "ಇದು ಅಮ್ಮ ಅಲ್ಲ" ಅಂದಳು.

"ಸತ್ತೋರು ಲಕ್ಷಣವಾಗಿ ಕಾಣ್ಬೇಕು ಕಣೆ," ಎಂದಳು ಅಕ್ಕ. "ಆ ಬಂಗು ಮುಖ ಗ್ವಾಡೆ ಮ್ಯಾಲೆ ಇಟ್ಕಂಡು ನೋಡಕಾಯ್ತದಾ?"

ನನ್ನಕ್ಕನಿಗೆ ಎದುರಾಡುವವರು ಮನೆಯಲ್ಲಿ ಯಾರೂ ಇಲ್ಲ. ಫೋಟೋ ಗೋಡೆಗೇರಿತು.

ಆಮೇಲೆ ಮಗಳು ತಾಯಿಯ ಫೋನು ಹಿಡಿದು ಕೂತಳು. ಇದ್ದಬದ್ದ ಫೋಟೋಗಳನ್ನೆಲ್ಲ ಹುಡುಕಿದಳು. ಹಳೆಯ ಫೋನು ಎಕ್ಸ್‌ಚೇಂಜಿನಲ್ಲಿ ಹೋಗಿತ್ತು. ನಮ್ಮ ಫೋಟೋ ತೆಗೆಯುತ್ತಿದ್ದವಳು ಅವಳಮ್ಮನೇ ಆದ್ದರಿಂದ ಮನೆಯ ಫೋಟೋಗಳಲ್ಲಿ ಅಮ್ಮನಿಲ್ಲ. ಅಮ್ಮನಿರುವ ಸೆಲ್ಫಿಗಳಲ್ಲಿ ಬಂಗಿಲ್ಲ. ಚನ್ನರಾಯಪಟ್ಟಣದ ನೆಂಟರ ಮದುವೆಯ ಆಲ್ಬಂ ತರಿಸಿ ನೋಡಿದರೆ ಅಲ್ಲಿಯೂ ಫೋಟೋಗ್ರಾಫರ್ ಎಲ್ಲ ಹೆಂಗಸರಿಗೂ ಒಂದೇ ಬಣ್ಣ ಬಳಿದಿದ್ದ. ಉಳಿದದ್ದು ಆಧಾರ್ ಕಾರ್ಡು. ಆ ಕಾರ್ಡಿನಲ್ಲಿ ಯಾರ ಮುಖ ತಾನೇ ಕಪ್ಪಿಟ್ಟಿರುವುದಿಲ್ಲ? ಬಂಗು ಯಾವುದು, ಇಂಕು ಯಾವುದು ಎಂದು ಹೇಗೆ ಹೇಳುವುದು? ಹದಿನಾರು ವರ್ಷ ದಿನಾ ನೋಡಿದ ಮುಖ ಎಲ್ಲೂ ಇಲ್ಲ ಎಂದು ಮಗಳಿಗೆ ಗೊತ್ತಾದ ದಿನ ಊಟ ಬಿಟ್ಟಳು. ನನಗೆ ಸತ್ತವಳ ಮೇಲೇ ಸಿಟ್ಟು ಬಂತು.

ಆ ವರ್ಷವೇ ಮಗಳಿಗೆ ಫೋಟೋದ ಹುಚ್ಚು ಹಿಡಿಯಿತು. ಕಾಲೇಜಿನ ಕಾರ್ಯಕ್ರಮವೊಂದರಲ್ಲಿ ಯಾರದೋ ಕ್ಯಾಮೆರಾ ಹಿಡಿದು ಬಂದವಳು, ನನಗೊಂದು ಬೇಕು ಅಂದಳು. ಅಮ್ಮ ಹೋದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಎಲ್ಲರ ಹಾಗೆ ಶೆಟ್ಟಿಹಳ್ಳಿಗೆ ಹೋಗಿ ನೀರಲ್ಲಿ ನಿಂತ ಚರ್ಚು ತೆಗೆಯಲಿ, ನಾಲ್ಕು ಜನ ಗೆಳತಿಯರ ಜೊತೆ ಓಡಾಡಲಿ ಎಂದುಕೊಂಡು ಹಾಸನಕ್ಕೆ ಕರೆದುಕೊಂಡು ಹೋದೆ.

ಅಂಗಡಿಯ ಹುಡುಗ ಹೊಸ ಮಾಡೆಲ್ಲುಗಳನ್ನು ಸಾಲಾಗಿ ಇಟ್ಟ. "ಏನ್ ತೆಗೀತೀಯಮ್ಮ? ಪಕ್ಷಿನಾ, ಫಂಕ್ಷನ್ನಾ?"

"ಮುಖ," ಅಂದಳು.

"ಹಂಗಾದ್ರೆ ಇದೇ ತಗಳಿ ಸಾ," ಎಂದು ನನ್ನ ಕಡೆ ತಿರುಗಿದ. "ಸ್ಕಿನ್ ಸೂಪರ್ರಾಗಿ ಬತ್ತದೆ. ಎಡಿಟ್ಟೇ ಬೇಕಾಗಿಲ್ಲ."

"ಅದನ್ನ ಆಫ್ ಮಾಡಬಹುದಾ?" ಎಂದು ಕೇಳಿದಳು. ಹುಡುಗ ಪೆಚ್ಚಾದ. ಮಾಡಬಹುದು ಅಂದ.

ಅವಳು ಒಂದೊಂದು ಕ್ಯಾಮೆರಾ ಎತ್ತಿಕೊಂಡು ನನ್ನನ್ನೇ ತೆಗೆದಳು. ತೆಗೆದದ್ದನ್ನು ದೊಡ್ಡದು ಮಾಡಿ ನನ್ನ ಕೆನ್ನೆ ನೋಡಿದಳು, ಮೂಗಿನ ಪಕ್ಕದ ನರಹುಲಿ ನೋಡಿದಳು, ತಲೆಯಾಡಿಸಿ ಕೆಳಗಿಟ್ಟಳು. ನಾನು ಹಾರ್ಡ್‌ವೇರ್ ಅಂಗಡಿಯವನು. ಪೈಪನ್ನು ತಟ್ಟಿ ನೋಡದೆ ತೆಗೆದುಕೊಂಡವನಲ್ಲ. ಆದರೂ ಗಿರಾಕಿಗಳ ಮುಂದೆ ನನ್ನ ನರಹುಲಿಯ ಪರೀಕ್ಷೆ ನಡೆದಾಗ ಮೈ ಉರಿಯಿತು.

ಕೊನೆಗೆ ಅವಳ ಕಣ್ಣು ಬಿದ್ದದ್ದು ಬೀರುವಿನ ಮೂಲೆಯಲ್ಲಿದ್ದ ಒಂದು ಹಳೆಯ ಕ್ಯಾಮೆರಾದ ಮೇಲೆ. ಯಾರೋ ಬಳಸಿ ಮಾರಿದ್ದು, ಹಿಡಿಯುವಲ್ಲಿ ರಬ್ಬರು ಕಿತ್ತುಬಂದಿತ್ತು. ಮುಂದೆ ಗಿಡ್ಡ ಲೆನ್ಸು.

"ಇದು ಜೂಮ್ ಆಗಲ್ಲಮ್ಮ," ಅಂದ ಹುಡುಗ. "ದೊಡ್ಡದಾಗಿ ಬೇಕಂದ್ರೆ ನೀನೇ ಅತ್ರ ಓಗ್ಬೇಕು."

"ಹೋಗ್ತೀನಿ," ಅಂದಳು.

ನಾನು ರೇಗಿದೆ. ಯಾರೋ ಬಳಸಿ ಬಿಸಾಕಿದ ಸಾಮಾನು ನನಗೆ ಬೇಡ, ಹೊಸದು ಕೊಡಿಸುತ್ತೇನೆ ಅಂತ ಕರೆದುಕೊಂಡು ಬಂದದ್ದು ಇದಕ್ಕಾ ಎಂದೆ. ಅವಳು ದನಿ ಏರಿಸಲಿಲ್ಲ. "ಹೊಸದ್ರಲ್ಲಿ ನುಣುಪು ಮಾಡೋದನ್ನ ಆಫ್ ಮಾಡ್ಬಹುದು ಅಷ್ಟೇ ಅಪ್ಪ. ಇದ್ರಲ್ಲಿ ಅದು ಇಲ್ವೇ ಇಲ್ಲ." ಅದನ್ನೇ ಕಟ್ಟಿಸಿಕೊಂಡು ಬಸ್ಸು ಹತ್ತಿದೆವು.

ಭಾನುವಾರ ಬೆಳಿಗ್ಗೆ ಕಿಟಕಿಯ ಎದುರು ಕುರ್ಚಿ ಹಾಕಿ ನನ್ನನ್ನು ಕೂರಿಸಿದಳು. ನಾನು ಗಡ್ಡ ಕೆರೆದು ಇಸ್ತ್ರಿ ಷರಟು ಹಾಕಿಕೊಂಡು ಬಂದಿದ್ದೆ. ಅದನ್ನು ಬಿಚ್ಚಿಸಿ ಅಂಗಡಿಗೆ ಹಾಕಿಕೊಳ್ಳುವ ಷರಟು ತಂದುಕೊಟ್ಟಳು. ಒಂದು ಹೆಜ್ಜೆ ಮುಂದೆ ಬಂದಳು, ಇನ್ನೊಂದು ಬಂದಳು. ಅವಳ ಉಸಿರು ಕೇಳುವಷ್ಟು ಹತ್ತಿರ ಬಂದಾಗ ನಾನು ಅಭ್ಯಾಸಬಲದಿಂದ ನಕ್ಕೆ.

"ನಗಬೇಡ ಅಪ್ಪ. ನೀನು ಮನೇಲಿ ನಗಲ್ಲ."

ನಿಜವೇ. ಬಾಯಿ ಮುಚ್ಚಿ ಕೂತೆ. ತೆಗೆದದ್ದನ್ನು ಬಹಳ ಹೊತ್ತು ನೋಡಿ ಆಮೇಲೆ ನನಗೂ ತೋರಿಸಿದಳು. ಕಣ್ಣಿನ ಕೆಳಗೆ ಇಳಿಬಿದ್ದ ಚರ್ಮ, ನರಹುಲಿ, ಹಳೆಯ ಮೊಡವೆಯ ಗುಳಿಗಳು, ಮುಖದ ತುಂಬ ಬೇಸರ. ಇಷ್ಟು ಮುದುಕನಾಗಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಅಳಿಸಿಬಿಡು ಅಂದೆ.

"ಅಳಿಸಲ್ಲ. ನಿನ್ನ ಫ್ಲೆಕ್ಸಿಗೆ ಇದನ್ನೇ ಹಾಕಿಸ್ತೀನಿ. ಅತ್ತೆ ಬರೋದ್ರೊಳಗೆ ನಾನೇ ಸ್ಟುಡಿಯೋಗೆ ಕೊಟ್ಟುಬಿಡ್ತೀನಿ."

ಬದುಕಿರುವ ಅಪ್ಪನಿಗೆ ಹೀಗನ್ನುತ್ತೀಯಾ ಎಂದು ಗದರಬೇಕೆಂದು ತಲೆಯೆತ್ತಿದೆ. ಅವಳ ಮುಖದಲ್ಲಿ ತಮಾಷೆಯೂ ಇರಲಿಲ್ಲ, ಅಳುವೂ ಇರಲಿಲ್ಲ. ಈ ಮಗು ಎಲ್ಲವನ್ನೂ ಯೋಚಿಸಿಟ್ಟುಕೊಂಡೇ ಕ್ಯಾಮೆರಾ ಕೇಳಿತ್ತು. ಗದರುವುದು ಬಿಟ್ಟು ಮತ್ತೊಮ್ಮೆ ಫೋಟೋ ನೋಡಿದೆ.

"ಇದರಲ್ಲಿ ಕಣ್ಣು ಸ್ವಲ್ಪ ಮುಚ್ಚಿದೆ," ಅಂದೆ. "ಇನ್ನೊಂದು ತೆಗಿ."