ಸೊಟ್ಟ ಬಟ್ಟಲುಗಳ ಪರಪ್ಪ

ಕುವೈತಿನ ಶುವೈಖ್ ಕೈಗಾರಿಕಾ ಪ್ರದೇಶದ ಗ್ಯಾರೇಜುಗಳು ಇನ್ನೂ ಶಟರ್ ಎತ್ತಿಲ್ಲ. ಬೆಳಗಿನ ಬಾಂಗ್ ಮುಗಿದು ಆಕಾಶ ಬೂದಿ ಬಣ್ಣಕ್ಕೆ ತಿರುಗುವ ಹೊತ್ತಿಗೆ ಪರಪ್ಪ ಕುಂಬಾರ ಮಹಬೂಲಾದ ರೂಮಿನಿಂದ ಬಸ್ಸು ಹಿಡಿದು ಬಂದು ಮಣ್ಣು ನಾದುತ್ತಿದ್ದಾರೆ. ಭಾರವೆಲ್ಲ ಎಡಗೈ ಮೇಲೆ, ಬಲಗೈ ಒತ್ತಾಸೆಗೆ ಮಾತ್ರ. ಕರೆಂಟಿನ ತಿಗರಿ ಗುಂಯ್‌ಗುಡುತ್ತದೆ. ಮುಷ್ಟಿ ಗಾತ್ರದ ಮುದ್ದೆ ಅಂಗೈಗಳ ನಡುವೆ ಮೇಲೇಳುತ್ತದೆ, ಅಗಲವಾಗುತ್ತದೆ, ಬಟ್ಟಲಾಗುತ್ತದೆ. ಅಂಚು ತಿದ್ದುವ ಹೊತ್ತಿಗೆ ಬಲಗೈಯ ಕಿರುಬೆರಳು, ಉಂಗುರಬೆರಳು ನಡುಗುತ್ತವೆ. ಬಟ್ಟಲಿನ ಬಾಯಿ ಒಂದು ಕಡೆ ವಾಲುತ್ತದೆ. ಪರಪ್ಪ ತಿಗರಿ ನಿಲ್ಲಿಸಿ, ದಾರ ಎಳೆದು ಬಟ್ಟಲನ್ನು ಬಿಡಿಸಿ ಹಲಗೆಯ ಮೇಲಿಡುತ್ತಾರೆ. ಇಟ್ಟ ಮೇಲೆ ಅದರ ಕಡೆ ತಿರುಗುವುದಿಲ್ಲ.

"ನೀವೂ ನೋಡಬ್ಯಾಡ್ರಿ," ಎನ್ನುತ್ತಾರೆ ನನಗೆ. "ನೋಡೂವಂಥಾದ್ದಲ್ಲ ಇದು."

ನೋಡುವವರು, ಮೆಚ್ಚುವವರು ಬೇಕಾದಷ್ಟಿದ್ದಾರೆ. ಹಸಿರು ಚಹಾಪುಡಿಯನ್ನು ಬಿದಿರಿನ ಕಡಗೋಲಿನಿಂದ ನೊರೆ ಬರುವಂತೆ ಕಡೆದು ಕುಡಿಯುವ ಜಪಾನಿ ಚಹಾ ಕುವೈತಿನ ಕೆಫೆಗಳಲ್ಲಿ ಈಗ ಜೋರಾಗಿದೆ. ಅದಕ್ಕೆ ಎರಡೂ ಅಂಗೈ ತುಂಬುವ ಮಣ್ಣಿನ ಬಟ್ಟಲು ಬೇಕು. ಕೈಯಲ್ಲಿ ಮಾಡಿದ್ದೆಂದು ನೋಡಿದೊಡನೆ ಗೊತ್ತಾಗಬೇಕು. ಸಾಲ್ಮಿಯಾದ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ, ಹಳದಿ ದೀಪದ ಕೆಳಗೆ ಕೂತಿರುವ ಅಂಥ ಬಟ್ಟಲುಗಳೆಲ್ಲ ಈ ಶೆಡ್ಡಿನಿಂದ ಹೋದವು. ದಿನಕ್ಕೆ ಇಪ್ಪತ್ತೈದು, ಮೂವತ್ತು. ತಳದಲ್ಲಿ ಅಂಗಡಿಯ ಮುದ್ರೆ ಇರುತ್ತದೆ, ಪರಪ್ಪನವರ ಹೆಸರಿರುವುದಿಲ್ಲ. ಅದಕ್ಕೆ ಅವರಿಗೆ ಬೇಸರವಿಲ್ಲ. "ಯಾವ ಹರವಿ ಮ್ಯಾಲೆ ಕುಂಬಾರನ ಹೆಸರಿರ್ತದ್ರಿ?" ಎಂದು ಕೇಳುತ್ತಾರೆ.

ಪರಪ್ಪ ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಯವರು. ವಯಸ್ಸು ಐವತ್ತರ ಮೇಲೆ. ತಂದೆ ಮಾಡಿದ ನೀರಿನ ಹರವಿಗಳು ಸುತ್ತಲಿನ ಸಂತೆಗಳಿಗೆಲ್ಲ ಹೋಗುತ್ತಿದ್ದವು. ಸುಟ್ಟ ಹರವಿಯನ್ನು ಬೆರಳ ಗಂಟಿನಿಂದ ಬಾರಿಸಿ ನೋಡುವುದು, ನಾದ ಸರಿಯಿಲ್ಲದಿದ್ದರೆ, ಆಕಾರ ಸೊಟ್ಟಗಿದ್ದರೆ ಅಲ್ಲೇ ನೆಲಕ್ಕೆ ಅಪ್ಪಳಿಸುವುದು ಆ ತಂದೆಯ ರೀತಿ. "ಸೊಟ್ಟ ಹರವಿ ಸಂತಿಗೆ ಹ್ವಾದ್ರ ಮನಿತನದ ಮರ್ಯಾದಿ ಹ್ವಾತು ಅಂತಿದ್ದ," ಎಂದು ಪರಪ್ಪ ನೆನೆಯುತ್ತಾರೆ. ಪ್ಲಾಸ್ಟಿಕ್ ಕೊಡ ಬಂದು ಹರವಿ ಕೇಳುವವರಿಲ್ಲದಾದಾಗ ಅವರು ಟೈಲ್ಸ್ ಕೂರಿಸುವ ಕೆಲಸ ಕಲಿತು ಕುವೈತಿಗೆ ಬಂದರು.

ಸಾಲ್ಮಿಯಾದ ಆ ಅಂಗಡಿಯ ಮಾಲೀಕ, ಉಡುಪಿ ಕಡೆಯ ಟ್ರೆವರ್ ಅಲ್ಲಿ ಟೈಲ್ಸ್ ಹಾಕಿಸಲು ಕರೆಸಿದ್ದು ಇವರನ್ನೇ. ಜಪಾನಿನಿಂದ ಬಂದ ಬಟ್ಟಲೊಂದನ್ನು ಪರಪ್ಪ ತಿರುವಿ ತಿರುವಿ ನೋಡುವುದನ್ನು ಕಂಡು ವಿಚಾರಿಸಿದಾಗ ಕುಂಬಾರರೆಂದು ತಿಳಿಯಿತು. ಟ್ರೆವರ್ ಕಫೀಲನನ್ನು, ಅಂದರೆ ವೀಸಾ ಕೊಟ್ಟಿದ್ದ ಮಾಲೀಕನನ್ನು ಒಪ್ಪಿಸಿ ಇಕಾಮಾ, ಅಂದರೆ ವಾಸದ ಪರವಾನಗಿಯನ್ನು ತಮ್ಮ ಕಡೆಗೆ ಬದಲಿಸಿದರು, ಶೆಡ್ಡು ಹಿಡಿದರು, ತಿಗರಿ ತರಿಸಿದರು. "ಮಣ್ಣು ಮುಟ್ಟಿದ ದಿನ ಅತ್ತಬಿಟ್ಟೆ," ಎನ್ನುವಾಗ ಪರಪ್ಪ ನಗುತ್ತಾರೆ.

ಆಗ ಅವರ ಬಟ್ಟಲುಗಳು ದುಂಡಗೆ, ಒಂದಕ್ಕೊಂದು ಜೋಡಿಯಂತೆ ಬರುತ್ತಿದ್ದವು. ಮಾರಾಟ ಅಷ್ಟಕ್ಕಷ್ಟೆ. ಕೆಲವು ವರ್ಷಗಳಲ್ಲಿ ಬಲಗೈ ಜುಮುಗುಟ್ಟತೊಡಗಿತು. ಹೆಬ್ಬೆರಳ ಪಕ್ಕದ ಮಾಂಸ ಕರಗಿ ಗುಳಿ ಬಿತ್ತು. ಜಾಬ್ರಿಯಾದ ಕ್ಲಿನಿಕ್ಕಿನಲ್ಲಿ ಫಿಸಿಯೊಥೆರಪಿಸ್ಟ್ ಆಗಿರುವ ಮಂಗಳೂರಿನ ಲೊರೈನ್ ಅವರನ್ನು ಅಲ್ಲಿನ ಡಾಕ್ಟರಿಗೆ ತೋರಿಸಿದರು. ಮೊಣಕೈಯಲ್ಲಿ ಹಾದುಹೋಗುವ ನರ ಒತ್ತಿಕೊಂಡಿತ್ತು.

"ಆಪರೇಷನ್ ಬೇಗ ಮಾಡಿಸ್ಬೇಕು, ಲೇಟಾದ್ರೆ ಮಸಲ್ ವಾಪಸ್ ಬರುದಿಲ್ಲ ಅಂತ ನಾನು ಹೇಳಿದ್ದೆ," ಎನ್ನುತ್ತಾರೆ ಲೊರೈನ್. "ಅವ್ರು ಕೈ ತಿರುಗಿಸಿ ತಿರುಗಿಸಿ ನೋಡ್ಕೊಂಡ್ರು. ಆಮೇಲೆ ಕೇಳಿದ್ದು ಒಂದೇ, 'ಬಾಯಿ ತಿದ್ದಾಕ ಬರ್ತದೇನ್ರಿ ಮುಂದ?' ಅಂತ. ಯಾರ ಬಾಯಿ ಅಂತ ನಂಗೆ ಅರ್ಥವೇ ಆಗ್ಲಿಲ್ಲ."

ಆ ದಿನಗಳಲ್ಲಿ ಕೆಟ್ಟ ಬಟ್ಟಲುಗಳನ್ನು ಪರಪ್ಪ ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲದ ಹಿಂದೆ ಬಚ್ಚಿಡುತ್ತಿದ್ದರು. ಮತ್ತೆ ನೀರಿಗೆ ಹಾಕಿ ಮಣ್ಣು ಮಾಡುವ ಯೋಚನೆ. ಒಂದು ಮಧ್ಯಾಹ್ನ ಟ್ರೆವರ್ ಕಣ್ಣಿಗೆ ಅವು ಬಿದ್ದವು. ಬೈಗುಳಕ್ಕೆ ಸಿದ್ಧರಾಗಿ ಪರಪ್ಪ ಎದ್ದು ನಿಂತರು.

"ಇದನ್ನ ಯಾಕೆ ಅಡಗಿಸಿಟ್ಟಿದ್ದೀರಿ ಮಾರಾಯ್ರೆ?" ಎಂದರು ಟ್ರೆವರ್. "ಇದೇ ಬೇಕಾದದ್ದು! ಕರೆಕ್ಟ್ ಜಪಾನಿ ಲುಕ್."

"ಕೆಟ್ಟಾವ್ರಿ ಅವು. ಕೈ ನಿಂದರ್ತಿಲ್ಲ."

"ನಿಲ್ಲುದು ಬೇಡ. ಹೀಗೇ ಇರ್ಲಿ."

ಸುಟ್ಟು, ಬೂದು ಬಣ್ಣದ ಗ್ಲೇಜ್ ಹಾಕಿ ಕಪಾಟಿನಲ್ಲಿಟ್ಟ ಆ ಬಟ್ಟಲುಗಳು ವಾರದೊಳಗೆ ಖಾಲಿಯಾದವು. ಆಪರೇಷನ್ನಿಗೆಂದು ಪರಪ್ಪ ರಜೆ ಕೇಳಿದರು. ರಮದಾನಿನ ಆರ್ಡರ್ ಮುಗಿಯಲಿ ಎಂದರು ಟ್ರೆವರ್. ರಮದಾನ್ ಮುಗಿದ ಮೇಲೆ ಹೊಸ ಕೆಫೆಯದು, ಅದಾದ ಮೇಲೆ ಚಳಿಗಾಲದ ಪ್ರದರ್ಶನದ್ದು. ಹೇಳದೆ ಹೋದರೆ ಕೆಲಸ ಹೋಗುತ್ತದೆಂಬ ಭಯ. ಎರಡು ವರ್ಷ ಹೀಗೇ ಸವೆಯಿತು. ಊರಲ್ಲಿ ಹೆಂಡತಿ ದೇವಕ್ಕ ಫೋನಿನಲ್ಲಿ ಜಗಳ ತೆಗೆದ ಮೇಲೆ, ಇಕಾಮಾ ಹೋದರೂ ಹೋಗಲಿ ಎಂದು ಪಟ್ಟು ಹಿಡಿದು ಪರಪ್ಪ ಬೆಳಗಾವಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡರು. ಜುಮುಗುಡುವುದು ನಿಂತಿತು. ಬಲ ಬರಲಿಲ್ಲ, ನಡುಕ ಉಳಿಯಿತು.

ಹೊಲಿಗೆ ಮಾಗಿದ ಮೇಲೆ ಮನೆಯ ಹಳೆಯ ತಿಗರಿಯನ್ನು ಹೊರಗೆ ತೆಗೆಸಿ ಒಂದು ಹರವಿ ಮಾಡಿ ನೋಡಿದರು. ಕುತ್ತಿಗೆ ವಾಲಿತು. ದೇವಕ್ಕ ಅದನ್ನು ಸುಡಿಸಿ ನೀರು ತುಂಬಿಟ್ಟರು. "ಇರ್ಲಿ ಬಿಡ್ರಿ, ನೀರಂತೂ ಹಿಡೀತದಲ್ಲ," ಅಂದರಂತೆ. ಅಂದು ಸಂಜೆಯೇ ಪರಪ್ಪ ಅದನ್ನು ಅಂಗಳಕ್ಕೆ ಒಯ್ದು ಒಡೆದರು. ದೇವಕ್ಕ ಎರಡು ದಿನ ಮಾತು ಬಿಟ್ಟರು.

ಕುವೈತಿಗೆ ಮರಳಿದ ದಿನ ವಿಮಾನ ನಿಲ್ದಾಣಕ್ಕೆ ಬಂದಿದ್ದ ಟ್ರೆವರ್ ಕೇಳಿದ ಮೊದಲ ಮಾತು, "ಕೈ ಸರಿ ಆಯ್ತಾ?"

"ಇಲ್ರಿ ಅಂದೆ," ಎನ್ನುತ್ತಾರೆ ಪರಪ್ಪ. ತಿಗರಿಯ ಅಂಚಿಗೆ ಮೆತ್ತಿದ ಮಣ್ಣನ್ನು ಉಗುರಿನಿಂದ ಕೆರೆಯುತ್ತಾ ಕೂರುತ್ತಾರೆ. "ಅವ್ರ ಮಾರಿ ಮ್ಯಾಲ ಒಂದ್ ಗಳಿಗಿ ಸಮಾಧಾನ ಕಂಡ್ತು. ಆಮ್ಯಾಲ 'ಛೇ ಪಾಪ' ಅಂದ್ರು. ಕೆಟ್ಟ ಮನಶ್ಯಾ ಅಲ್ರಿ ಅಂವ. ಆದ್ರ ನಾ ಕಂಡೇನಿ. ಕಂಡದ್ದನ್ನ ಹ್ಯಾಂಗ ಮರೀಲಿ?"

ಟ್ರೆವರ್ ಅವರನ್ನೂ ಮಾತಾಡಿಸಿದೆ. "ಅವರ ಕೈ ನಾನು ಕೆಡಿಸಿದ್ದಾ?" ಎಂದರು. "ಗಿರಾಕಿ ಕೇಳಿದ್ದು ಕೊಡ್ಬೇಕಲ್ಲ. ಅವರಿಗೆ ಸಂಬಳ ಜಾಸ್ತಿ ಮಾಡಿದ್ದೇನೆ, ಅದನ್ನೂ ಬರೀರಿ." ಬರೆದಿದ್ದೇನೆ.

ಬೇಡಿಕೆ ಹೆಚ್ಚಿದ್ದರಿಂದ ಈ ವರ್ಷ ಟ್ರೆವರ್ ಉತ್ತರ ಪ್ರದೇಶದ ಖುರ್ಜಾದಿಂದ ಅಬ್ದುಲ್ ನಾಸಿರ್ ಎಂಬ ಇನ್ನೊಬ್ಬ ಕುಂಬಾರರನ್ನು ಕರೆಸಿದ್ದಾರೆ. ನಲವತ್ತು ದಾಟಿದ, ಪಳಗಿದ ಕೈಯವರು. ಅವರ ಬಟ್ಟಲು ದುಂಡಗೆ ಬರುತ್ತದೆ. ಹಾಗಾಗಿ ಪರಪ್ಪನವರಿಗೆ ಹೊಸ ಕೆಲಸ ಹಚ್ಚಿದ್ದಾರೆ: ನಾಸಿರ್‌ಗೆ ಸೊಟ್ಟ ಮಾಡಲು ಕಲಿಸುವುದು.

"ನಡುಗೂದನ್ನ ಹ್ಯಾಂಗ ಕಲಿಸ್ಲಿ, ಹೇಳ್ರಿ?" ಅವರ ದನಿ ಮೊದಲ ಬಾರಿಗೆ ಏರುತ್ತದೆ. ಪಕ್ಕದ ತಿಗರಿಯಲ್ಲಿರುವ ನಾಸಿರ್ ತಲೆ ಎತ್ತುವುದಿಲ್ಲ. ಟ್ರೆವರ್ ಇಲ್ಲದ ಹೊತ್ತಿನಲ್ಲಿ ಅವರು ನೆಟ್ಟಗಿನ ಬಟ್ಟಲೇ ಮಾಡುತ್ತಾರಂತೆ, ಪರಪ್ಪ ಕೆಲಸ ಬಿಟ್ಟು ನೋಡುತ್ತಾ ಕೂರುತ್ತಾರಂತೆ. ಟ್ರೆವರ್ ಬರುವ ಮೊದಲು ಇಬ್ಬರೂ ಸೇರಿ ಅವನ್ನು ಮುದ್ದೆ ಮಾಡಿಬಿಡುತ್ತಾರೆ.

ಜಪಾನಿಗರ ಬಟ್ಟಲೂ ಸ್ವಲ್ಪ ಸೊಟ್ಟಗೇ ಇರುತ್ತದಲ್ಲವೆ, ಅದನ್ನೇ ಚೆಂದ ಅನ್ನುತ್ತಾರಲ್ಲವೆ ಎಂದು ಸಮಾಧಾನಕ್ಕೆ ಕೇಳಿದೆ.

"ಆ ಜಪಾನಿ ಕುಂಬಾರಗ ನೆಟ್ಟಗ ಮಾಡಾಕ ಬರ್ತದ್ರಿ. ಬಂದೂ ಬೇಕಂತ ಹಂಗ ಬಿಟ್ಟಾನ. ನನಗ ಬರೂದs ಇಲ್ಲ ಈಗ. ಎರಡೂ ಒಂದs ಏನ್ರಿ?"



ಇಕಾಮಾ ಮುಗಿಯಲು ಇನ್ನು ಸ್ವಲ್ಪವೇ ದಿನವಿದೆ, ಈ ಸಲ ಮುಂದುವರಿಸುವುದಿಲ್ಲ ಎನ್ನುತ್ತಾರೆ. ನಿಮ್ಮ ಹೆಸರು ಹಾಕಿದರೆ ತೊಂದರೆಯಾಗುವುದಿಲ್ಲವೆ ಎಂದೆ. ಹಾಕಿ ಎಂದರು. ಫೋಟೋ ಬೇಡವೆಂದರು, ಬಟ್ಟಲಿನದ್ದಂತೂ ಬೇಡವೇ ಬೇಡ. ಹೊರಡಲು ಎದ್ದಾಗ ಮಣ್ಣುಗೈಯಲ್ಲೇ ಬಾಗಿಲವರೆಗೆ ಬಂದರು.

"ಒಂದs ಮಾತು ಬರೀರಿ ಸಾಕು," ಎಂದರು. "ಪರಪ್ಪಗ ನೆಟ್ಟಗ ಮಾಡಾಕ ಬರ್ತಿತ್ತು ಅಂತ."