ನಾನಿರುವಾಗ ವಾರಂಟಿ ಯಾಕೆ?

ನಮ್ಮಣ್ಣನಿಗೆ ಬೀದಿಯವರು ಇಟ್ಟ ಹೆಸರು ಬಿಚ್ಚಣ್ಣ. ಔಷಧಿ ಅಂಗಡಿಗೂ ದರ್ಜಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಗೂಡಿನಂಥ ಕೋಣೆಯಲ್ಲಿ ಮೂವತ್ತೆರಡು ವರ್ಷಗಳಿಂದ ಕೂತು ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳನ್ನು ಬಿಚ್ಚುತ್ತಲೇ ಇದ್ದಾನೆ. ಎದುರಿಗೇ ಹಾಗೆ ಕರೆದರೂ ಅವನಿಗೆ ಬೇಸರವಿಲ್ಲ. ಬೇಸರವೆಲ್ಲ ನನ್ನ ಪಾಲಿಗೆ, ಏಕೆಂದರೆ ಅವನ ಜೊತೆ ಒಂದೇ ಮನೆಯಲ್ಲಿ ಇರಬೇಕಾದವಳು ನಾನು.

ಅವನದೊಂದು ಪದ್ಧತಿ. ಮನೆಗೆ ಯಾವ ಯಂತ್ರ ಬರಲಿ, ಬಂದ ಹೊಸದರಲ್ಲೇ ಅದನ್ನೊಮ್ಮೆ ಬಿಚ್ಚಿ ನೋಡಬೇಕು. “ಹೊಸದಿದ್ದಾಗ ಒಳಗೆ ಹೇಗಿತ್ತು ಅಂತ ನೋಡಿದ್ರೆ ತಾನೇ, ಕೆಟ್ಟಾಗ ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗೋದು?” ನೋಡಿಯಾದ ಮೇಲೆ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, ಮುಚ್ಚಳದ ಒಳಮೈಯಲ್ಲಿ ತಾರೀಖು ಹಾಕಿ, ಮುಂದೆ ತನಗೇ ನೆನಪಿರಲಿ ಎಂದು ಒಂದು ಸಾಲು ಬರೆಯುತ್ತಾನೆ. ಚಿಕ್ಕವಳಿದ್ದಾಗಿನಿಂದಲೂ ಟಾರ್ಚು ಹಿಡಿದು ನಿಲ್ಲುವ ಕೆಲಸ ನನ್ನದು, ಹಾಗಾಗಿ ಆ ಸಾಲುಗಳೆಲ್ಲ ನನಗೆ ಬಾಯಿಪಾಠ. ಮಿಕ್ಸಿಯ ಹೊಟ್ಟೆಯಲ್ಲಿ: “ಬ್ರಷ್ ಸವೆಯುತ್ತದೆ. ಐದು ವರ್ಷಕ್ಕೆ ನೋಡು.” ಬಟ್ಟೆ ಒಗೆಯುವ ಯಂತ್ರದ ಬೆನ್ನಿನಲ್ಲಿ: “ಬೆಲ್ಟ್ ಸುಲಭ. ಅರ್ಧ ಗಂಟೆ.” ಅವನನ್ನು ಬಿಟ್ಟರೆ ಬೇರೆ ಯಾರೂ ಬಿಚ್ಚುವುದಿಲ್ಲವಾದ್ದರಿಂದ ನಾವಿಬ್ಬರಲ್ಲದೆ ಓದುವವರೂ ಯಾರೂ ಇಲ್ಲ.

ನನ್ನ ಕೆಲಸ ಮನೆಯಲ್ಲೇ. ಒಂದು ಪ್ರೆಸ್ಸಿಗೆ ಶಾಲೆಗಳ ಪ್ರಶ್ನೆಪತ್ರಿಕೆಗಳನ್ನು ಟೈಪ್ ಮಾಡಿ, ಪುಟ ಜೋಡಿಸಿ ಕೊಡುತ್ತೇನೆ. ಹೋದ ವರ್ಷ ಪರೀಕ್ಷೆಗೆ ಒಂದು ವಾರವಿದೆ ಎನ್ನುವಾಗ ನನ್ನ ಹಳೆಯ ಕಂಪ್ಯೂಟರ್ ಕೈಕೊಟ್ಟಿತು. “ನಾನಿರುವಾಗ ಭಯ ಯಾಕೆ?” ಎಂದು ಅಣ್ಣ ಅದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತ. ನಾಲ್ಕು ದಿನ ನಾವು ನೆಲದ ಮೇಲೆ ಕೂತು ಉಂಡೆವು. ಐದನೆಯ ದಿನ ಕಂಪ್ಯೂಟರ್ ಎದ್ದು ಕೂತಿತು, ನಿಜ. ಆದರೆ ಅಷ್ಟರಲ್ಲಿ ಪ್ರೆಸ್ಸಿನ ಯಜಮಾನರು ಕೆಲಸವನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಅವರದೂ ತಪ್ಪಲ್ಲ, ಪರೀಕ್ಷೆ ಯಾರಿಗಾಗಿ ಕಾಯುತ್ತದೆ? ಆ ಕೆಲಸ ಮತ್ತೆ ನನ್ನ ಕೈಗೆ ಬರಲು ಎಂಟು ತಿಂಗಳು ಹಿಡಿಯಿತು. “ಇನ್ನೊಂದು ಸಲ ಹೀಗಾದ್ರೆ ನನ್ನ ಕೇಳ್ಬೇಡಿ ಅಮ್ಮಾ,” ಎಂದು ಅವರು ಕೈ ಮುಗಿದೇ ಹೇಳಿದ್ದರು.

ಅದಕ್ಕೇ ಹೊಸ ಲ್ಯಾಪ್‌ಟಾಪ್ ತಂದೆ. ತಂದ ದಿನವೇ ಅಣ್ಣನ ಮುಂದೆ ಬೆರಳು ಆಡಿಸಿ ಹೇಳಿದೆ: “ಇದನ್ನ ಮಾತ್ರ ಮುಟ್ಟಬೇಡ.” ಮಗುವಿನ ಹಾಗೆ ತಲೆಯಾಡಿಸಿದ.

ಲ್ಯಾಪ್‌ಟಾಪಿಗೆ ಒಂದು ವರ್ಷದ ವಾರಂಟಿ ಇತ್ತು. ಇನ್ನೂ ಎರಡು ವರ್ಷ ಬೇಕಿದ್ದರೆ ಮೂವತ್ತು ದಿನಗಳೊಳಗೆ ಹಣ ಕಟ್ಟಬೇಕು. ಅಂಗಡಿಯ ಹುಡುಗಿ ದಿನ ಬಿಟ್ಟು ದಿನ ಫೋನ್ ಮಾಡತೊಡಗಿದಳು. ನಾನು ಗಣಿತದ ಪ್ರಶ್ನೆಗಳಲ್ಲಿ ಮುಳುಗಿರುವ ಹೊತ್ತು ಅವಳಿಗೆ ಹೇಗೆ ತಿಳಿಯುತ್ತಿತ್ತೋ! “ಮೇಡಂ, ಇನ್ನು ಹದಿನೆಂಟೇ ದಿನ.” “ಮೇಡಂ, ಇನ್ನು ಹದಿನಾರೇ ದಿನ.” ನನ್ನ ಆಯಸ್ಸನ್ನೇ ಹೇಳುತ್ತಿದ್ದಾಳೇನೋ ಎನ್ನಿಸುತ್ತಿತ್ತು.

ಅವಳು ಕೊಟ್ಟಿದ್ದ ಪುಸ್ತಿಕೆಯನ್ನು ಭೂತಗನ್ನಡಿ ಹಿಡಿದು ಓದಿದೆ. ನೀರು ಬಿದ್ದರೆ ಇಲ್ಲ. ಕೆಳಗೆ ಬಿದ್ದರೆ ಇಲ್ಲ. ಬ್ಯಾಟರಿಗೆ ಇಲ್ಲ. ಇಲಿ, ಇರುವೆಗಳಿಂದಾದರೆ ಇಲ್ಲ. ಸಿಟ್ಟು ನೆತ್ತಿಗೇರಿ ನಾನೇ ಫೋನ್ ಮಾಡಿದೆ.

“ಅಲ್ಲಮ್ಮಾ, ಹಾಗಾದ್ರೆ ಏನಾದ್ರೆ ಇದೆ, ಅದನ್ನ ಹೇಳು.”

“ಬೋರ್ಡು ಮೇಡಂ. ಬೋರ್ಡು ಹೋದ್ರೆ ಪೂರ್ತಿ ಕವರ್. ಮತ್ತೆ ರಿಪೇರಿ ಆಗೋ ತನಕ ನಿಮಗೆ ಬೇರೆ ಲ್ಯಾಪ್‌ಟಾಪ್ ಕೊಟ್ಟಿರ್ತೀವಿ.”

ಆ ಕೊನೆಯ ಮಾತು ನನ್ನೊಳಗೆ ಕೂತುಬಿಟ್ಟಿತು. ನನಗೆ ಬೇಕಾಗಿದ್ದುದೇ ಅದು. ಕೆಟ್ಟದ್ದು ಸರಿಯಾಗುವುದು ಮುಖ್ಯವಲ್ಲ, ಕೆಲಸ ನಿಲ್ಲದಿರುವುದು ಮುಖ್ಯ.

ಊಟದ ಹೊತ್ತಿಗೆ ಈ ಮಾತೆತ್ತಿದರೆ ಅಣ್ಣನದು ಒಂದೇ ಪಲ್ಲವಿ. “ನಾನಿರುವಾಗ ವಾರಂಟಿ ಯಾಕೆ?”

“ನೀವಿರೋದಕ್ಕೇ ಬೇಕು ಅಂತಿದಾಳೆ ಅವಳು,” ಎಂದಳು ಅತ್ತಿಗೆ, ತಟ್ಟೆಯಿಂದ ತಲೆಯೆತ್ತದೆ.

“ಕೆಡದೇ ಇರೋದಕ್ಕೆ ದುಡ್ಡು ಕೊಡೋದಾ? ಕೆಟ್ಟಾಗ ನೋಡೋಣ. ಮೂವತ್ತೆರಡು ವರ್ಷದಲ್ಲಿ ನನ್ನ ಕೈಲಿ ಆಗಲ್ಲ ಅಂತ ಯಾವ ಗಿರಾಕಿನಾದ್ರೂ ವಾಪಸ್ ಕಳಿಸಿದೀನಾ?”

ಕಳಿಸಿರಲಿಲ್ಲ. ಆದರೆ ಈಗೀಗ ಕಳಿಸಲಿಕ್ಕೆ ಗಿರಾಕಿಗಳೇ ಇಲ್ಲ. ಹೊಸ ಸಾಮಾನುಗಳಿಗೆ ಸ್ಕ್ರೂ ಇರುವುದಿಲ್ಲ, ಅಂಟು ಹಾಕಿ ಮುಚ್ಚಿರುತ್ತಾರೆ. ಕೆಟ್ಟರೆ ಜನ ಎಸೆದು ಬೇರೆಯದು ತರುತ್ತಾರೆ. “ಬಿಚ್ಚೋಕಾಗದ ಹಾಗೆ ಮಾಡ್ತಾರೆ, ಕಳ್ಳರು,” ಎಂದು ಬೈಯುತ್ತಾ ಅಣ್ಣ ನಾಲ್ಕು ಗಂಟೆಗೇ ಮನೆಗೆ ಬಂದುಬಿಡುತ್ತಾನೆ. ಮೊದಲೆಲ್ಲ ಊಟಕ್ಕೂ ಪುರುಸೊತ್ತಿರಲಿಲ್ಲ. ಇಂಥವನ ಮುಂದೆ ವಾರಂಟಿ ತೆಗೆದುಕೊಂಡರೆ, ನಿನ್ನ ಕೈಯಲ್ಲಿ ಇನ್ನು ಏನೂ ಆಗುವುದಿಲ್ಲ ಎಂದು ಮುಖಕ್ಕೆ ಹೇಳಿದ ಹಾಗಲ್ಲವೇ? ತೆಗೆದುಕೊಳ್ಳದಿದ್ದರೆ ನನ್ನ ಕೆಲಸ ದೇವರ ಮೇಲೆ ಭಾರ. ಹೀಗೆ ಅತ್ತ ದರಿ ಇತ್ತ ಪುಲಿ ಎಂದು ದಿನ ದೂಡಿದೆ. ಒಂದು ತುಂಡು ಕಾಗದಕ್ಕಾಗಿ ಇಷ್ಟು ತಲೆ ಕೆಡಿಸಿಕೊಳ್ಳುತ್ತೇನಲ್ಲಾ ಎಂದು ನನ್ನ ಮೇಲೇ ರೇಗುತ್ತಿತ್ತು.

ಇಪ್ಪತ್ತೆಂಟನೆಯ ದಿನ ಗಟ್ಟಿ ಮನಸ್ಸು ಮಾಡಿದೆ. ಪ್ರೆಸ್ಸಿಗೆ ಹೋಗಿ ಬರುತ್ತೇನೆಂದು ಅತ್ತಿಗೆಗೆ ಸುಳ್ಳು ಹೇಳಿ, ಲ್ಯಾಪ್‌ಟಾಪನ್ನು ಬಟ್ಟೆಯ ಚೀಲಕ್ಕೆ ಹಾಕಿ, ಅಣ್ಣನ ಅಂಗಡಿಯಿದ್ದ ಬೀದಿಯನ್ನು ತಪ್ಪಿಸಿ ಸುತ್ತು ಹಾಕಿಕೊಂಡು ಹೋದೆ. ಕಳ್ಳತನಕ್ಕೆ ಹೊರಟವಳ ಹಾಗೆ ಎರಡೆರಡು ಸಲ ಹಿಂದೆ ತಿರುಗಿ ನೋಡಿದೆ.

ಹಣ ಕಟ್ಟಿಸಿಕೊಳ್ಳುವ ಮುಂಚೆ ಯಂತ್ರ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಅಂಗಡಿಯ ನಿಯಮ. ಕನ್ನಡಕ ಹಾಕಿದ ಮೆಕ್ಯಾನಿಕ್ ಒಬ್ಬ ಅದನ್ನು ಮಗುಚಿ ಹಾಕಿ, ಹುಬ್ಬು ಗಂಟಿಕ್ಕಿದ.

“ಮೇಡಂ, ಈ ಸ್ಕ್ರೂ ಮೇಲಿನ ಸೀಲು ಹರಿದಿದೆ. ಯಾರೋ ಬಿಚ್ಚಿದಾರೆ.”

“ಸಾಧ್ಯವೇ ಇಲ್ಲ,” ಎಂದೆ.

ಅವನು ಕೆಳಮುಚ್ಚಳ ತೆಗೆದು ದೀಪದ ಕಡೆಗೆ ತಿರುಗಿಸಿದ. “ಇಲ್ನೋಡಿ, ಏನೋ ಬರ್ದಿದಾರೆ ಬೇರೆ. ತಾರೀಖು ಹಾಕಿದಾರೆ.” ಕನ್ನಡಕ ಏರಿಸಿಕೊಂಡು ಮೆಲ್ಲಗೆ ಓದಿದ: “ಎಲ್ಲ ಒಂದೇ ಬೋರ್ಡಿಗೆ ಅಂಟಿದೆ. ನನ್ನಿಂದ ಆಗುವುದಿಲ್ಲ.”

ಕೌಂಟರಿನ ಹುಡುಗಿ ಕಿಸಕ್ಕೆಂದು ನಕ್ಕಳು. ಮೆಕ್ಯಾನಿಕ್ ನಗಲಿಲ್ಲ. “ಎಕ್ಸ್‌ಟ್ರಾ ವಾರಂಟಿ ಕೊಡೋಕಾಗಲ್ಲ ಮೇಡಂ. ಇರೋ ಒಂದು ವರ್ಷದ್ದೂ ಹೋಯ್ತು. ಯಾರು ಬರ್ದಿದ್ದು ಇದು?”

ನಾನು ತಾರೀಖು ನೋಡಿದೆ. ಲ್ಯಾಪ್‌ಟಾಪ್ ತಂದ ಮಾರನೆಯ ದಿನದ್ದು.

ದಾರಿಯುದ್ದಕ್ಕೂ ಕುದಿಯುತ್ತಾ ನಡೆದೆ. ಮುಟ್ಟಬೇಡ ಎಂದರೂ ಮುಟ್ಟಿದ. ಇದ್ದ ವಾರಂಟಿಯನ್ನೂ ಕಳೆದ. ಹೋಗಲಿ, ಒಳಗೆ ನೋಡಿ, ತನ್ನ ಕೈಯಲ್ಲಿ ಆಗುವುದಿಲ್ಲ ಎಂದು ತಿಳಿದ ಮೇಲೂ ಇಪ್ಪತ್ತಾರು ದಿನ ‘ನಾನಿರುವಾಗ, ನಾನಿರುವಾಗ’ ಎಂದು ನನ್ನ ತಲೆ ತಿಂದನಲ್ಲ! ತಂಗಿಯ ಅನ್ನಕ್ಕೆ ಕಲ್ಲು ಹಾಕುತ್ತಿದ್ದೇನೆಂದು ಅವನಿಗೆ ಹೊಳೆಯಲಿಲ್ಲವೇ? ಈ ಸಲ ಸುತ್ತು ಹಾಕಲಿಲ್ಲ, ನೆಟ್ಟಗೆ ಅವನ ಅಂಗಡಿಗೇ ನುಗ್ಗಿದೆ.

ಅಣ್ಣ ಯಾರದೋ ಹಳೆಯ ಇಸ್ತ್ರಿಪೆಟ್ಟಿಗೆ ಬಿಚ್ಚಿಟ್ಟುಕೊಂಡು ಕೂತಿದ್ದ. ಅದೊಂದೇ ಕೆಲಸ ಇದ್ದದ್ದು, ಹಿಂದಿನ ಹಲಗೆಗಳೆಲ್ಲ ಖಾಲಿ. ನನ್ನ ಮುಖ ನೋಡಿದ, ಚೀಲ ನೋಡಿದ.

“ವಾರಂಟಿ ಮಾಡಿಸೋಕೆ ಹೋಗಿದ್ಯಾ?”

“ಹೋಗಿದ್ದೆ. ಬೇಡ ಅಂತ ವಾಪಸ್ ಬಂದೆ,” ಎಂದೆ. ಚುಚ್ಚಬೇಕೆಂದೇ ಒಂದೊಂದು ಮಾತನ್ನೂ ಬಿಡಿಸಿ ಹೇಳಿದೆ: “ನೀನಿದ್ದೀಯಲ್ಲಣ್ಣ, ಇನ್ಯಾಕೆ?”

ಎಂದಿನ ಹಾಗೆ ಎದೆ ಉಬ್ಬಿಸಬಹುದು, ಆಗ ಎಲ್ಲವನ್ನೂ ಅವನ ಮುಖಕ್ಕೆ ಎಸೆಯೋಣ ಎಂದು ಕಾದೆ. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಒರೆಸುವ ಬಟ್ಟೆ ತೆಗೆದುಕೊಂಡು ಒಂದೊಂದೇ ಬೆರಳನ್ನು ಒರೆಸಿದ.

“ಮಾಡಿಸ್ಕೊಂಡುಬಿಡು ಪುಟ್ಟಿ,” ಎಂದ. ನಲವತ್ತು ದಾಟಿದವಳನ್ನು ಪುಟ್ಟಿ ಎನ್ನುವವನು ಅವನೊಬ್ಬನೇ. “ಈಗಿನದ್ದೆಲ್ಲ ನನಗೆ... ನಿನ್ನ ಕೆಲಸ ನಿಂತು ಹೋಗುತ್ತೆ. ಮೊದಲೇ ಹೇಳ್ಬೇಕಿತ್ತು ನಾನು, ಬಾಯಿ ಬರಲಿಲ್ಲ. ಇನ್ನೂ ಎರಡು ದಿನ ಇದೆ ಅಲ್ವಾ? ನಡಿ, ನಾನೂ ಬರ್ತೀನಿ. ಅಂಗಡಿಯವರ ಹತ್ರ ನಾನೇ ಮಾತಾಡ್ತೀನಿ.”

ಎದ್ದು ನಿಂತು ಷಟರ್ ಎಳೆಯುವ ಕೊಕ್ಕೆಗೆ ಕೈ ಹಾಕಿಯೇಬಿಟ್ಟ. ಬಿಚ್ಚಿದರೆ ವಾರಂಟಿಯೇ ಹೋಗುತ್ತದೆ ಎಂಬುದು ಅವನ ತಲೆಗೆ ಬಂದೇ ಇರಲಿಲ್ಲ. ಬಿಚ್ಚಿ ನೋಡುವುದು ತಪ್ಪಾಗುವ ಕಾಲ ಬಂದಿದೆ ಎಂದು ಅವನಿಗೆ ಯಾರು ಹೇಳಿದ್ದರು? ಅಲ್ಲಿಗೆ ಹೋದರೆ ಆ ಮೆಕ್ಯಾನಿಕ್ ಮುಚ್ಚಳ ತೋರಿಸುತ್ತಾನೆ. ಆ ಹುಡುಗಿ ಮತ್ತೆ ಕಿಸಕ್ಕೆನ್ನುತ್ತಾಳೆ.

“ಬೇಡ ಬಿಡು,” ಎಂದೆ. “ಸಿಟ್ಟಲ್ಲಿ ಹಾಗಂದೆ. ಇವತ್ತು ಮಧ್ಯಾಹ್ನಕ್ಕೇ ಮುಗೀತಂತೆ. ಅವರು ದಿನ ಎಣಿಸೋ ರೀತಿನೇ ಬೇರೆಯಂತೆ.”

“ಎರಡು ದಿನ ಇತ್ತಲ್ಲೇ!”

“ನಾನೂ ಹಾಗೇ ಅಂದ್ಕೊಂಡಿದ್ದೆ.”

ಅಣ್ಣನ ಮುಖ ಕೆಂಪಾಯಿತು. “ಕಳ್ಳರು!” ಎಂದ.

“ಹೌದು, ಕಳ್ಳರು,” ಎಂದೆ.

ಸಿಟ್ಟು ಇಳಿಯಿತೇ ಎಂದರೆ ಇಲ್ಲ, ಈ ಹೊತ್ತಿಗೂ ಇಳಿದಿಲ್ಲ. ದಿನಾ ಕೆಲಸ ಮುಗಿದ ಮೇಲೆ ಎಲ್ಲವನ್ನೂ ಪೆನ್‌ಡ್ರೈವಿಗೆ ಇಳಿಸಿಕೊಳ್ಳುತ್ತೇನೆ, ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯುವ ಮುಂಚೆ ದೇವರಿಗೊಮ್ಮೆ ಕೈ ಮುಗಿಯುತ್ತೇನೆ. ಆವತ್ತೇ ರಾತ್ರಿ ಊಟಕ್ಕೆ ಕೂತಾಗ ಫ್ರಿಜ್ಜು ಗೊರಗೊರ ಸದ್ದು ಮಾಡುತ್ತಿದೆ ಎಂದು ಅತ್ತಿಗೆ ದೂರಿದಳು. ‘ನಾನಿರುವಾಗ’ ಎನ್ನುವ ಮಾತು ಬರಬೇಕಾದ ಜಾಗ ಅದು. ಅಣ್ಣ ತುತ್ತು ನುಂಗಿ, “ಯಾರಾದ್ರೂ ಮೆಕ್ಯಾನಿಕ್‌ನ ಕರೆಸಿ ತೋರಿಸು,” ಎಂದ.

ನಾನು ಎದ್ದು ಹೋಗಿ ಟಾರ್ಚು ತಂದು ಅವನ ತಟ್ಟೆಯ ಪಕ್ಕದಲ್ಲಿಟ್ಟೆ.