ಕುದ್ರು ಸೌತೆಯ ಮೊದಲ ಕಾಯಿ

ವನಜಳನ್ನು ಸಾಕಿದ್ದು ಗಂಡನಲ್ಲ, ಸೌತೆಬಳ್ಳಿ. ಗಂಡ ದೋಣಿ ಮಗುಚಿ ಹೋದ. ಅಂದಿನಿಂದ ಕುಂದಾಪುರದ ಹೊಳೆ ನಡುವಿನ ಆ ಕುದ್ರುವಿನಲ್ಲಿ ಅವಳ ಕೈ ಹಿಡಿದದ್ದು ಅತ್ತೆ ಕೊಟ್ಟ ಬೀಜ. ಗಿಡ್ಡ ಕಾಯಿ, ದಪ್ಪ ಸಿಪ್ಪೆ, ನೋಡಲು ಚಂದ ಏನಿಲ್ಲ. ಆದರೆ ಉಬ್ಬರದ ಉಪ್ಪುನೀರು ಗದ್ದೆಗೆ ನುಗ್ಗಿದರೂ ಬಳ್ಳಿ ಜಪ್ಪಯ್ಯ ಅನ್ನುತ್ತಿರಲಿಲ್ಲ. ಆಚೆ ದಡದಲ್ಲಿ ಈ ತಳಿ ಇಲ್ಲ, ಕುದ್ರುವಿನಲ್ಲೂ ಕಡೆಗೆ ಉಳಿದದ್ದು ಅವಳೊಬ್ಬಳ ಹತ್ತಿರ.

ಸೇತುವೆ ಆಯಿತು ನೋಡಿ, ಅಲ್ಲಿಂದ ಶನಿ ಹೊಕ್ಕಿತು. ನೆರೆಮನೆಯ ಕುಷ್ಟ ಪೇಟೆಯಿಂದ ಹೈಬ್ರಿಡ್ ಸೌತೆಬೀಜ ತಂದ. ಅವನನ್ನು ಬೈದು ಏನು ಪ್ರಯೋಜನ, ಹೊಟ್ಟೆಪಾಡು ಅವನಿಗೂ ಇದೆ. ಆದರೆ ಅವನ ಹೂವಿಂದ ಇವಳ ಹೂವಿಗೆ ಹಾರುವ ಜೇನುಹುಳಕ್ಕೆ ಬೇಲಿ ಹಾಕಿದವರುಂಟೇ? ವರ್ಷ ಕಳೆದಂತೆ ವನಜಳ ಕಾಯಿ ಉದ್ದವಾಯಿತು, ಸಿಪ್ಪೆ ತೆಳುವಾಯಿತು. ಈ ವರ್ಷ ಉಪ್ಪುನೀರು ಬಂದದ್ದೇ, ಗದ್ದೆಗೆ ಗದ್ದೆಯೇ ಸುಟ್ಟು ಕರಕಲಾಯಿತು. ಬೇಲಿ ಬದಿಯ ಒಂದೇ ಒಂದು ಬಳ್ಳಿ ಹಸಿರಾಗಿ ನಿಂತಿತ್ತು.

ಆ ಬಳ್ಳಿಯೂ ಕಾಯಿ ಬಿಟ್ಟು ಒಣಗಿದ ಮೇಲೆ ಬಂದಳು ಕ್ಷಮಾ. ಸಾಲಿಗ್ರಾಮದ ಹುಡುಗಿ, ದ್ವೀಪಗಳ ಗಿಡಗಳ ಬಗ್ಗೆ ಓದುವವಳು. ಕಡಲ ನಡುವಿನ ದ್ವೀಪದಲ್ಲಿ ನೆಂಟರಿಷ್ಟರಿಂದ ದೂರವಾದ ಗಿಡ ಕಾಲಕ್ರಮದಲ್ಲಿ ಆ ಮಣ್ಣಿಗೆ, ಆ ಉಪ್ಪಿಗೆ ಒಗ್ಗಿಕೊಂಡು ಬೇರೆಯೇ ಆಗುತ್ತದಂತೆ. ಆದರೆ ಅದರ ಸಂತಾನ ಕಡಿಮೆ, ಒಳಗಿನ ವೈವಿಧ್ಯವೂ ಕಡಿಮೆ. ಹೊರಗಿನ ನೆಂಟ ಬಂದು ಬೆರೆತರೆ ಕೆಲವೇ ತಲೆಮಾರಿನಲ್ಲಿ ಹೇಳಹೆಸರಿಲ್ಲ. ಕುದ್ರುವೂ ಹಾಗೇ ಒಂದು ಸಣ್ಣ ದ್ವೀಪ ಎಂದಳು. ವನಜಳಿಗೆ ಇದು ಬಿಡಿಸಿ ಹೇಳಬೇಕಾದ ಮಾತೇ ಆಗಿರಲಿಲ್ಲ, ಅವಳ ಗದ್ದೆಯಲ್ಲೇ ಆಗಿತ್ತು.

ಬೀಜಕ್ಕೆಂದು ತೂಗುಹಾಕಿದ ಆ ಬಳ್ಳಿಯ ಕಾಯಿಗಳನ್ನು ನೋಡಿ ಕ್ಷಮಾ ತಲೆಯಾಡಿಸಿದಳು. ಇವೆಲ್ಲ ಕುಷ್ಟನ ಬಳ್ಳಿ ಹೂಬಿಟ್ಟ ಮೇಲೆ ಕಚ್ಚಿದವು, ಬೆರಕೆಯೇ ಎಂದಳು. ವನಜ ದೀಪಾವಳಿ ಕಳೆದದ್ದೇ ಬಿತ್ತುವವಳು, ಕುಷ್ಟ ತಡವಾಗಿ. ಹಾಗಾಗಿ ಅವನ ಹೂ ಅರಳುವ ಮೊದಲೇ ಆ ಬಳ್ಳಿಯಲ್ಲಿ ಕಚ್ಚಿದ ಕಾಯಿಯಲ್ಲಿ ಮಾತ್ರ ಕುದ್ರುವಿನ ಬೀಜ ಉಳಿದಿರಬಹುದು.

"ವನಜಕ್ಕಾ, ಆ ಮೊದ್ಲ್ ಕಾಯಿ ಎಲ್ಲಿತ್ತ್?"

"ದೇವ್ರಿಗ್ ಕೊಟ್ಟೆ ಮಗಾ. ಮೊದ್ಲ್ ಕಾಯಿ ಮತ್ ಯಾರಿಗ್ ಕೊಡೂದ್?"

ಅತ್ತೆ ಕೊಟ್ಟಿದ್ದಳು, ಅತ್ತೆಯ ಅತ್ತೆಯೂ ಕೊಟ್ಟಿದ್ದಳು. ಮೊದಲ ಕಾಯಿ ದೇವಸ್ಥಾನಕ್ಕೆ, ಕೊನೆಯದು ಬೀಜಕ್ಕೆ. ಕುದ್ರು ಒಂಟಿಯಾಗಿದ್ದಾಗ ಮೊದಲೇನು, ಕೊನೆಯೇನು, ಎಲ್ಲ ಒಂದೇ ರಕ್ತ. ಸೇತುವೆ ಬಂದ ಮೇಲೆ ಮಾತ್ರ ಅವಳು ವರ್ಷವೂ ಒಳ್ಳೆಯದನ್ನು ದೇವರಿಗೆ ಕೊಟ್ಟು, ಬೆರಕೆಯನ್ನು ಬಿತ್ತುತ್ತಾ ಬಂದಿದ್ದಳು. ತನ್ನ ಕೈಯಿಂದಲೇ. ಇದನ್ನು ಯಾರ ಮೇಲೆ ಹಾಕುವುದು?

ಆದರೂ ಆಸೆ ಸಾಯಲಿಲ್ಲ. ಹುಳಿಗೆ ಹಾಕುವ ಈ ಸೌತೆ ಬೇಗ ಹಾಳಾಗುವ ಕಾಯಿಯಲ್ಲ, ದೇವಸ್ಥಾನದ ಅಡುಗೆಮನೆಯ ಜಂತಿಗೆ ಬಾಳೆನಾರಲ್ಲಿ ಕಟ್ಟಿಟ್ಟರೆ ಮಳೆಗಾಲದವರೆಗೂ ಇರುತ್ತದೆ. ಹೋಗಿ ಬೇಡಿದರೆ ದೇವರು ಇಲ್ಲವೆಂದಾನೇ? ಕ್ಷಮಾಳ ಸ್ಕೂಟರ್ ಹಿಂದೆ ಕೂತು ಸೇತುವೆ ದಾಟುವಾಗ ವನಜ ಗೊತ್ತಿದ್ದ ದೇವರನ್ನೆಲ್ಲ ಕರೆದಳು.

ದೇವಸ್ಥಾನದ ಅಂಗಳದಲ್ಲಿ ಚಪ್ಪಲಿಗಳ ರಾಶಿ. ಅಂದು ಸಂತರ್ಪಣೆ. ಅಡುಗೆಮನೆಯ ಜಂತಿಯಲ್ಲಿ ಬಾಳೆನಾರಿನ ಖಾಲಿ ಕುಣಿಕೆಗಳು ಮಾತ್ರ ತೂಗುತ್ತಿದ್ದವು. ಅಡುಗೆಯ ಕಮಲಾಕ್ಷ ಹೇರ್ಳೆಯವರು ಬೆವರೊರೆಸುತ್ತ ಹೊರಗೆ ಬಂದರು. ಬೀಜ, ತಿರುಳು ಏನಾದರೂ ಉಳಿದಿದೆಯೇ ಎಂದು ವನಜ ಬಿಕ್ಕುತ್ತಲೇ ಕೇಳಿದಳು.

"ಬೀಜ, ತಿರುಳ್ ಬೆಳಿಗ್ಗೆಯೇ ದನಕ್ಕ್ ಹಾಕಿ ಆಯ್ತ್ ವನಜಕ್ಕ. ಹೋಳ್ ಹುಳಿಗೆ. ನಿಮ್ ಸೌತಿ ಹಾಕಿದ್ಕೇ ಇವತ್ತ್ ಹುಳಿಗೆ ರುಚಿ ಬಂದದ್ದ್. ಬನ್ನಿ, ಉಂಡ್ಕಂಡೇ ಹೋಯ್ಕ್."

ವನಜ ಕೊಟ್ಟಿಗೆಗೆ ಓಡಿದಳು. ಬಾನಿಯನ್ನು ದನ ನೆಕ್ಕಿ ತೊಳೆದಿಟ್ಟಂತೆ ಮಾಡಿತ್ತು. ಸಗಣಿಯಲ್ಲಾದರೂ ಸಿಕ್ಕೀತೇ ಎಂದು ಹುಡುಕಲು ಹೋದರೆ ಕೊಟ್ಟಿಗೆ ಆಗಲೇ ಗುಡಿಸಿ, ನೀರು ಹೊಯ್ದು ಆಗಿತ್ತು.

ಕ್ಷಮಾ ಕೈ ಹಿಡಿದು ಕರೆತಂದು ಪಂಕ್ತಿಯಲ್ಲಿ ಕೂರಿಸಿದಳು. ಎಲೆಗೆ ಹುಳಿ ಬಿತ್ತು. ಒಂದು ಹೋಳಿನ ಮಗ್ಗುಲಿಗೆ ತಿರುಳು ಬಿಡಿಸುವಾಗ ತಪ್ಪಿಸಿಕೊಂಡ ಒಂದು ಬೀಜ ಅಂಟಿತ್ತು. ವನಜ ಅದನ್ನು ಬೆರಳಲ್ಲಿ ಎತ್ತಿ ಕ್ಷಮಾಳ ಮುಖ ನೋಡಿದಳು. ಹುಡುಗಿ ಕಣ್ಣು ತಗ್ಗಿಸಿದಳು. ಬೆಂದ ಬೀಜ ಹುಟ್ಟುವುದಿಲ್ಲ ಎಂದು ವನಜಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪ್ರಸಾದವನ್ನು ಎಲೆಯಲ್ಲಿ ಬಿಟ್ಟೇಳಬಾರದು, ಅದೂ ಅತ್ತೆ ಕಲಿಸಿದ್ದೇ. ವನಜ ಆ ಬೀಜವನ್ನು ಬಾಯಿಗೆ ಹಾಕಿಕೊಂಡು ಅಗಿದಳು.